ಕಬ್ಬಿಣದ ಕಂಬಕ್ಕೆ ಕಟ್ಟಿಗೆಯ ತೊಲೆ, ಜಂತಿ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಈಗ ಮನೆ ಮುಂದಿನ ಪಡಸಾಲೆ, ಮಾಳಿಗೆ ಮೇಲಿನ ಪತ್ರಾಸ್ (ತಗಡಿನ) ಶೆಡ್ಡು, ಹೊಲದ ಮನೆ ಎಲ್ಲ ಒಂದೇ ತರ. ಕಂಬ ಕಬ್ಬಿಣದ್ದು, ಮೇಲಿನ ತೊಲೆ ಮತ್ತು ಜಂತಿ ಕಟ್ಟಿಗೆಯದ್ದು. ಕಂಬ ನಿಲ್ಲಿಸುವವರು ವೆಲ್ಡರ್, ತೊಲೆ ಏರಿಸುವವರು ಬಡಿಗರು. ಎರಡೂ ಕೂಡುವ ಜಾಗ ಮಾತ್ರ ಯಾರ ಪಾಲಿಗೂ ಬರುವುದಿಲ್ಲ. ಪ್ರಶ್ನೆಗಳು ಹುಟ್ಟುವುದು ಅಲ್ಲೇ. ಕೆಲಸದ ಜಾಗದಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರು ಮಾಡುವ ಮೊದಲು

ಕಟ್ಟಿಗೆನೂ ಗಟ್ಟಿ, ಕಬ್ಬಿಣನೂ ಗಟ್ಟಿ. ಒಂದು ಬೋಲ್ಟ್ ಹಾಕಿ ಬಿಗಿದ್ರೆ ಮುಗೀತಲ್ವಾ?

ಬೋಲ್ಟ್ ಬಗ್ಗೆ ಚಿಂತೆ ಬೇಡ. ನಾಲ್ಕು ಸೂತಿನ ಸಾದಾ ಬೋಲ್ಟ್, ಅಂದ್ರೆ 12 ಮಿ.ಮೀ.ದು, ಅಡ್ಡ ಭಾರದಲ್ಲಿ ಒಂದು ಟನ್ನಿಗಿಂತ ಜಾಸ್ತಿ ತಡೆಯುತ್ತದೆ. ಕೆಟ್ಟು ಹೋದ ಜೋಡಣೆಗಳನ್ನು ನೋಡಿ, ಬೋಲ್ಟ್ ಮುರಿದಿರುವುದು ಬಹಳ ಅಪರೂಪ. ಬೋಲ್ಟ್ ಸುತ್ತ ಕಟ್ಟಿಗೆ ಸೀಳಿರುತ್ತದೆ, ಇಲ್ಲವೇ ಪೈಪಿನ ತೆಳು ಗೋಡೆ ಹರಿದಿರುತ್ತದೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಭಾರ ಕೂರಬೇಕು, ನೇತಾಡಬಾರದು. ತೊಲೆ ಕಬ್ಬಿಣದ ಒಂದು ಆಸರೆ ಮೇಲೆ ಕೂತಿರಲಿ. ಅದು ಜರುಗದಂತೆ, ಗಾಳಿಗೆ ಏಳದಂತೆ ಹಿಡಿಯುವುದಷ್ಟೇ ಬೋಲ್ಟಿನ ಕೆಲಸ. ಮನೆಯ ಭಾರವನ್ನೆಲ್ಲ ಎರಡು ತೂತುಗಳ ಮೇಲೆ ಹಾಕಿದರೆ ಕಟ್ಟಿಗೆ ಅಲ್ಲೇ ಬಾಯಿ ಬಿಡುತ್ತದೆ.

ಪೈಪಿಗೆ ಸೀದಾ ಮೊಳೆ ಹೊಡೆದ್ರ ಆಗಂಗಿಲ್ಲೇನ್ರಿ?

ಆಗೋದಿಲ್ಲ. ಮೊಳೆ ಹಿಡಿತ ಸಿಗುವುದು ಕಟ್ಟಿಗೆಯ ನಾರು ಅದನ್ನು ಎರಡೂ ಕಡೆಯಿಂದ ಒತ್ತುವುದರಿಂದ. ಎರಡು ಮೂರು ಮಿ.ಮೀ. ತಗಡಿನಲ್ಲಿ ಒತ್ತುವುದಕ್ಕೆ ಏನಿದೆ? ಮದ್ದಿನ ಗನ್ನಿನಿಂದ ಹೊಡೆಯುವ ಮೊಳೆ ಬೇರೆ ವಿಷಯ, ಆದರೆ ಅದಕ್ಕೆ ದಪ್ಪ ಕಬ್ಬಿಣ ಬೇಕು. ತೆಳು ಪೈಪಿಗೆ ಹೊಡೆದರೆ ಮೊಳೆ ಆಚೆ ತೂರಿ ಹೋಗುತ್ತದೆ, ಅಪಾಯ.

ಯಾವ ಕಟ್ಟಿಗೆ ತಗೊಳ್ಳೋದು? ತೇಗನೇ ಬೇಕಾ?

ತೇಗ ಚೆನ್ನಾಗಿಯೇ ಇರುತ್ತದೆ. ಒಣಗಿದ ಮೇಲೆ ಹೆಚ್ಚು ತಿರುಚುವುದಿಲ್ಲ, ಗೆದ್ದಲೂ ಸುಲಭಕ್ಕೆ ಹತ್ತುವುದಿಲ್ಲ. ಆದರೆ ಬೆಲೆ ಗೊತ್ತಲ್ಲ. ಮತ್ತಿ ಗಟ್ಟಿ, ಭಾರ, ಹಸಿಯಲ್ಲಿ ತಂದರೆ ಒಣಗುವಾಗ ಸೀಳುತ್ತದೆ. ಹೊನ್ನೆ ಒಳ್ಳೆಯದು, ಒದ್ದೆಯಾದರೆ ಬಣ್ಣ ಬಿಡುತ್ತದೆ. ನಮ್ಮ ಬಯಲುಸೀಮೆಯ ಕರಿಜಾಲಿ ಚಕ್ಕಡಿಗೆ, ಕುಂಟೆಗೆ ಬಳಸಿ ಸೈ ಅನ್ನಿಸಿಕೊಂಡ ಮರ. ಆದರೆ ನೇರವಾದ ಉದ್ದ ತುಂಡು ಸಿಗುವುದು ಕಷ್ಟ. ಹೊರದೇಶದ ಪೈನ್ ನೇರ ಇರುತ್ತದೆ, ಹಗುರ, ಕೆಲಸಕ್ಕೆ ಸುಲಭ. ಮಳೆ ಬೀಳುವ ಜಾಗಕ್ಕೆ ಔಷಧಿ ಕುಡಿಸದ ಪೈನ್ ಮಾತ್ರ ಬೇಡ. ನೀಲಗಿರಿ ಅಗ್ಗ ಅಂತ ತಂದರೆ ಒಂದು ಬೇಸಿಗೆ ಕಳೆಯುವುದರೊಳಗೆ ಹಗ್ಗ ಹೊಸೆದಂತೆ ತಿರುಚಿರುತ್ತದೆ.

ಜಾತಿಗಿಂತ ಒಣಗಿರುವುದು ಮುಖ್ಯ. ಹಸಿ ತೇಗಕ್ಕಿಂತ ಒಣ ಬೇವು ವಾಸಿ, ನನ್ನ ಲೆಕ್ಕದಲ್ಲಿ.

ಹಳೇ ಮನಿ ಕೆಡವಿದ ತೊಲಿ ಅದಾವ್ರಿ. ಅವನ್ನ ಹಾಕಬಹುದಾ?

ಖಂಡಿತ ಹಾಕಬಹುದು. ಮಣ್ಣಿನ ಮಾಳಿಗೆ ಮನೆಗಳ ತೊಲೆ ಎಷ್ಟೋ ವರ್ಷ ಒಣಗಿರುತ್ತದೆ, ಇನ್ನು ಹೆಚ್ಚು ಕುಗ್ಗುವುದಿಲ್ಲ. ಹೊಸ ಕಟ್ಟಿಗೆಯಲ್ಲಿ ದುಡ್ಡು ಕೊಟ್ಟರೂ ಸಿಗದ ಗುಣ ಅದು. ಮೂರು ಪರೀಕ್ಷೆ ಮಾಡಿ. ಗೋಡೆಯೊಳಗಿದ್ದ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ, ಮೆತ್ತಗಿದ್ದರೆ ಅಷ್ಟು ಕತ್ತರಿಸಿ ಬಿಡಿ. ಸುತ್ತಿಗೆಯಿಂದ ಬಡಿದು ಕೇಳಿ, ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿದೆ. ಮೂರನೆಯದು, ಒಂದು ಅಯಸ್ಕಾಂತ ಆಡಿಸಿ ಹಳೇ ಮೊಳೆ ಹುಡುಕಿ. ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತದೆ.

ಕಂಬಕ್ಕೆ ಚೌಕ ಪೈಪ್ ಒಳ್ಳೇದಾ, ದುಂಡು ಪೈಪಾ, ಐ ಸೆಕ್ಷನ್ನಾ?

ಕಟ್ಟಿಗೆ ಜೋಡಿಸುವ ದೃಷ್ಟಿಯಿಂದ ಚೌಕ ಪೈಪ್ ಸುಲಭ. ನಾಲ್ಕೂ ಕಡೆ ಸಪಾಟು, ಕಟ್ಟಿಗೆ ಮೈತುಂಬ ಒರಗುತ್ತದೆ. ಗೋಡೆ ದಪ್ಪ ಕೇಳಿ ತಗೊಳ್ಳಿ. ಒಂದೂವರೆ ಮಿ.ಮೀ. ಪೈಪು ಗೇಟಿಗೆ, ಗ್ರಿಲ್ಲಿಗೆ ಸರಿ. ತೊಲೆ ಹೊರುವ ಕಂಬಕ್ಕೆ ಮೂರಕ್ಕಿಂತ ಕಡಿಮೆ ಬೇಡ ಅನ್ನುವುದು ನನ್ನ ಮಾತು. ದುಂಡು ಪೈಪಿಗೆ ಕಟ್ಟಿಗೆ ತಾಗುವುದು ಒಂದೇ ಗೆರೆಯಲ್ಲಿ. ಹಾಗಾಗಿ ಅದಕ್ಕೆ ಚಪ್ಪಟೆ ಪಟ್ಟಿ ವೆಲ್ಡ್ ಮಾಡಿಸಲೇಬೇಕು. ಐ ಸೆಕ್ಷನ್ನಿನ ಹೊಟ್ಟೆಯಲ್ಲಿ ಎರಡೂ ಕಡೆ ಕಟ್ಟಿಗೆ ತುಂಡು ತುಂಬಿ, ನಡುವಿನ ತಗಡಿನ ಮೂಲಕ ಬೋಲ್ಟ್ ಹಾಯಿಸಿದರೆ ಮುಂದಿನ ಕೆಲಸಕ್ಕೆಲ್ಲ ಮೊಳೆ ಹಿಡಿಯುವ ಒಂದು ಮೈ ಸಿಗುತ್ತದೆ. ದೊಡ್ಡ ಶೆಡ್ಡಿನಲ್ಲಿ ಹಲಗೆ ಹೊದಿಸುವುದಿದ್ದರೆ ಇದೇ ಚೊಲೋ ದಾರಿ.

ವೆಲ್ಡಿಂಗ್‌ನವರು ಮೊದಲು ಬರ್ಬೇಕಾ, ಬಡಿಗೇರ ಮೊದಲು ಬರ್ಬೇಕಾ?

ಒಂದು ಸಲ ಇಬ್ಬರೂ ಒಟ್ಟಿಗೆ ಬರಬೇಕು, ಅರ್ಧ ತಾಸು ಸಾಕು. ತೊಲೆಯ ನಿಜವಾದ ಅಳತೆ ಬಡಿಗರ ಹತ್ತಿರ ಇರುತ್ತದೆ. 'ಮೂರು ಬೈ ಐದು' ಅಂದ ತುಂಡು ರಂದಾ ಹೊಡೆದ ಮೇಲೆ ಎರಡು ಮುಕ್ಕಾಲು ಬೈ ನಾಲ್ಕು ಮುಕ್ಕಾಲು ಆಗಿರುತ್ತದೆ. ವೆಲ್ಡರ್ ಮೂರು ಇಂಚಿಗೆ ಸರಿಯಾಗಿ ಶೂ, ಅಂದ್ರೆ ತೊಲೆ ಕೂರುವ ಕಬ್ಬಿಣದ ಆಸರೆ, ಮಾಡಿಟ್ಟರೆ ಕಾಲು ಇಂಚು ಸಡಿಲ. ಆಮೇಲೆ ಅಲ್ಲಿ ಚಕ್ಕೆ ತುರುಕುವುದು ಶುರು. ರಂದಾ ಹೊಡೆದ ತುಂಡನ್ನೇ ವೆಲ್ಡರ್ ಕೈಗೆ ಕೊಡಿ.

ಕ್ರಮ ಹೀಗಿರಲಿ: ಅಳತೆ, ವೆಲ್ಡಿಂಗ್, ತೂತು, ಉಜ್ಜುವುದು, ಪ್ರೈಮರ್, ಪೇಂಟ್, ಆಮೇಲೆ ಕಟ್ಟಿಗೆ. ಆಂಗಲ್ (ಎಲ್ ಆಕಾರದ ಕಬ್ಬಿಣ), ಶೂ ಎಲ್ಲ ವರ್ಕ್‌ಶಾಪಿನಲ್ಲೇ ಕಂಬಕ್ಕೆ ಹಚ್ಚಿಸಿಕೊಂಡು ಬಂದರೆ ಇನ್ನೂ ಒಳ್ಳೆಯದು. ಉಕ್ಕಿನ ಕೆಲಸದ ಭಾರತೀಯ ಮಾನಕ ಐಎಸ್ 800 ಕೂಡ ವರ್ಕ್‌ಶಾಪ್ ವೆಲ್ಡಿಗೆ 1.25, ಸೈಟಿನ ವೆಲ್ಡಿಗೆ 1.5 ಅಂತ ಸುರಕ್ಷತೆಯ ಅಂಶ ಇಟ್ಟಿದೆ. ಏಣಿ ಮೇಲೆ ನಿಂತು, ತಲೆ ಮೇಲೆತ್ತಿ ಮಾಡಿದ ವೆಲ್ಡನ್ನು ಅಷ್ಟು ನಂಬಬಾರದು ಅಂತಲೇ ಅರ್ಥ.

## ಜೋಡಿಸುವ ಕೆಲಸ

ಕಂಬದ ತಲೆ ಮೇಲೆ ತೊಲೆ ಕೂರಿಸೋದು ಹೇಗೆ? ಸ್ವಲ್ಪ ಬಿಡಿಸಿ ಹೇಳಿ.

ಕಂಬದ ತಲೆಗೆ ಒಂದು ಯು ಆಕಾರದ ಶೂ ಬೇಕು. ತಳಕ್ಕೆ 6 ಮಿ.ಮೀ. ಪ್ಲೇಟು, ಎರಡು ಕಡೆ 5 ಅಥವಾ 6 ಮಿ.ಮೀ. ಕೆನ್ನೆಗಳು. ತಳದ ಪ್ಲೇಟು ಕಂಬದ ಬಾಯನ್ನೂ ಮುಚ್ಚುತ್ತದೆ, ಸುತ್ತಲೂ ವೆಲ್ಡ್ ಬಿದ್ದರೆ ಪೈಪಿನೊಳಗೆ ನೀರು ಹೋಗುವುದಿಲ್ಲ. ಒಳಗಿನ ಅಗಲ ತೊಲೆಗಿಂತ 2–3 ಮಿ.ಮೀ. ಜಾಸ್ತಿ ಇರಲಿ. ತೊಲೆ ಕೂರುವ ಉದ್ದ 75 ಮಿ.ಮೀ.ಗೆ ಕಡಿಮೆ ಬೇಡ. ಎರಡು ತೊಲೆ ಒಂದೇ ಕಂಬದ ಮೇಲೆ ಕೂಡುವುದಿದ್ದರೆ 160 ಮಿ.ಮೀ. ಬೇಕು: ಒಂದೊಂದಕ್ಕೆ 75, ನಡುವೆ ಒಂದಿಷ್ಟು ಸಂದು.

ಕೆನ್ನೆ ತೊಲೆಯ ಎತ್ತರದ ಮುಕ್ಕಾಲು ಭಾಗದವರೆಗೆ ಬರಲಿ, ತೊಲೆ ಪಕ್ಕಕ್ಕೆ ಉರುಳುವುದಿಲ್ಲ. ಆದರೆ ಬೋಲ್ಟು ಕೆಳಗಡೆಯೇ ಇರಬೇಕು, ತೊಲೆಯ ತಳದಿಂದ ಸುಮಾರು 50 ಮಿ.ಮೀ. ಮೇಲೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದ್ರೆ, ಬಹಳ ಕಡೆ ಚಂದ ಕಾಣಲಿ ಅಂತ ಮೇಲೊಂದು, ಕೆಳಗೊಂದು ಬೋಲ್ಟ್ ಹಾಕುತ್ತಾರೆ. ತೊಲೆ ಒಣಗಿ ಎತ್ತರದಲ್ಲಿ ಕುಗ್ಗುತ್ತದೆ. ಕಬ್ಬಿಣದ ಕೆನ್ನೆ ಕುಗ್ಗುವುದಿಲ್ಲ. ಎರಡು ಬೋಲ್ಟುಗಳ ನಡುವೆ ಕಟ್ಟಿಗೆ ಜಗ್ಗಿ, ನಟ್ಟ ನಡುವೆ ಉದ್ದಕ್ಕೆ ಸೀಳು ಬೀಳುತ್ತದೆ. ಸೀಳಿದ ತೊಲೆ ಒಂದಲ್ಲ, ಎರಡು ತೆಳು ಹಲಗೆಗಳಿಗೆ ಸಮ. ಅದರ ಬಿಗುವು ಅಲ್ಲಿಗೆ ಮುಗಿಯಿತು. ಮೇಲೆ ಬೋಲ್ಟ್ ಬೇಕೇ ಬೇಕು ಅನ್ನಿಸಿದರೆ ಕೆನ್ನೆಯ ತೂತನ್ನು ನಿಂತ ಗೆರೆಯಲ್ಲಿ ಉದ್ದ ಮಾಡಿ, 13 ಅಗಲ, 20 ಉದ್ದ.

ಕೊನೆಗೆ ತಳದ ಪ್ಲೇಟಿನ ಮೂಲೆಗಳನ್ನು ನೋಡಿ. ಮಳೆ ನೀರು ನಿಲ್ಲುವ ತೊಟ್ಟಿಯಂತೆ ಆಗಿದ್ದರೆ ಕಂಬದ ಹೊರಗೆ ಚಾಚಿದ ಭಾಗದಲ್ಲಿ ಒಂದೆರಡು ತೂತು ಹಾಕಿ, ನೀರು ಇಳಿದು ಹೋಗಲಿ.

ಕಂಬದ ಪಕ್ಕಕ್ಕೆ ಜಂತಿ ಬಂದು ಕೂಡಬೇಕು. ಆಂಗಲ್ ಹಚ್ಚಿದ್ರೆ ಸಾಕಾ?

ಆಂಗಲ್ ಎಲ್ಲಿ ಹಚ್ಚುತ್ತೀರಿ ಅನ್ನುವುದು ಪ್ರಶ್ನೆ. ಜಂತಿಯ ಪಕ್ಕಕ್ಕೆ ಹಚ್ಚಿ ಬೋಲ್ಟ್ ಹಾಕಿದರೆ ಅದು ನೇತಾಡುವ ಜೋಡಣೆ. ಜಂತಿಯ ಕೆಳಗೆ ಹಚ್ಚಿದರೆ ಕೂತ ಜೋಡಣೆ. 50×50×6 ಆಂಗಲನ್ನು ಕುರ್ಚಿಯಂತೆ ಕಂಬಕ್ಕೆ ವೆಲ್ಡ್ ಮಾಡಿಸಿ. ಅದರ ಮೇಲೆ ಜಂತಿ ಇಟ್ಟು, ಕೆಳಗಿನಿಂದ ಒಂದು ಕೋಚ್ ಸ್ಕ್ರೂ (ಬೋಲ್ಟಿನಂಥ ತಲೆಯ ದಪ್ಪ ಸ್ಕ್ರೂ), ಪಕ್ಕದಲ್ಲಿ ಒಂದು ಪಟ್ಟಿಗೆ ಒಂದು ಬೋಲ್ಟ್. ದೊಡ್ಡ ಭಾರ ಬರುವಲ್ಲಿ ಆಂಗಲ್ ಬಾಗದಂತೆ ಅದರ ಕೆಳಗೆ ತ್ರಿಕೋನದ ಒಂದು ತುಂಡು.

ಪಕ್ಕಕ್ಕೆ ಕೂಡಿದ ಭಾರ ಕಂಬವನ್ನು ಒಂದೇ ಕಡೆಗೆ ಬಗ್ಗಿಸುತ್ತದೆ ಅನ್ನುವುದು ನೆನಪಿರಲಿ. ಎರಡೂ ಕಡೆ ಜಂತಿ ಬಂದರೆ ಸರಿದೂಗುತ್ತದೆ. ಒಂದೇ ಕಡೆ ಉದ್ದ ಜಂತಿ ಬರುವುದಿದ್ದರೆ ಕಂಬ ಒಂದು ಅಳತೆ ದೊಡ್ಡದು ತಗೊಳ್ಳಿ.

ತೂತು ಎಷ್ಟು ದೊಡ್ಡದಿರಬೇಕು? ತುದಿಯಿಂದ ಎಷ್ಟು ದೂರ?

12 ಮಿ.ಮೀ. ಬೋಲ್ಟಿಗೆ ಕಬ್ಬಿಣದಲ್ಲಿ 13ರ ತೂತು. 16ರ ಬೋಲ್ಟಿಗೆ 18. ಕಟ್ಟಿಗೆಯಲ್ಲೂ ಒಂದು ಮಿ.ಮೀ. ಜಾಸ್ತಿ ಸಾಕು. ಸುತ್ತಿಗೆಯಿಂದ ಬಡಿದು ತೂರಿಸುವ ಹಾಗಿದ್ದರೆ ಕಟ್ಟಿಗೆ ಸೀಳುತ್ತದೆ.

ತುದಿಯಿಂದ ದೂರವನ್ನು ಬೋಲ್ಟಿನ ದಪ್ಪದಲ್ಲಿ ಲೆಕ್ಕ ಹಾಕಿ. ಜಗ್ಗುವ ಭಾರ ಬರುವ ಕಡೆ ಗಟ್ಟಿ ಮರಕ್ಕೆ ಐದು ಪಟ್ಟು, ಪೈನಿನಂಥ ಮೆತ್ತನೆ ಮರಕ್ಕೆ ಏಳು ಪಟ್ಟು. ಅಂದ್ರೆ 12ರ ಬೋಲ್ಟಿಗೆ 60 ಮತ್ತು 85 ಮಿ.ಮೀ. ನಾರಿಗೆ ಅಡ್ಡವಾಗಿ ಒತ್ತುವ ಅಂಚಿನಿಂದ ನಾಲ್ಕು ಪಟ್ಟು. ತುದಿಗೆ ಒಂದು ಇಂಚಿನಲ್ಲಿ ತೂತು ಹಾಕಿ ಬಿಗಿದ ಜಂತಿಗಳು ನಮ್ಮ ಕಡೆ ಬೇಕಾದಷ್ಟು ಸಿಗುತ್ತವೆ. ತುದಿಯಿಂದ ತೂತಿನವರೆಗೆ ಬಿರುಕು ಇದ್ದೇ ಇರುತ್ತದೆ, ನೋಡಿ ಬೇಕಾದರೆ.

ಕಟ್ಟಿಗೆ ಕಡೆ ದೊಡ್ಡ ವಾಷರ್ ಹಾಕಿ. ಬೋಲ್ಟ್ ಜತೆ ಬರುವ ಚಿಕ್ಕ ವಾಷರ್ ಕಟ್ಟಿಗೆಯೊಳಗೆ ಮುಳುಗುತ್ತದೆ. 12ರ ಬೋಲ್ಟಿಗೆ 40–50 ಮಿ.ಮೀ. ಚೌಕದ, 4–5 ಮಿ.ಮೀ. ದಪ್ಪದ ತುಂಡನ್ನು ಪಟ್ಟಿಯಿಂದ ಕತ್ತರಿಸಿಕೊಂಡರೆ ಆಯಿತು.

ಪೈಪಿನ ಆರಪಾರ ಬೋಲ್ಟ್ ಹಾಕಿ ಬಿಗಿದ್ರೆ ಪೈಪೇ ಚಪ್ಪಟೆ ಆಗ್ತದ. ಏನ್ ಮಾಡೋದು?

ಒಳಗೆ ಒಂದು ಬುಶ್ ಬೇಕು. ಬೋಲ್ಟ್ ಹಾಯುವಷ್ಟು ಒಳಅಳತೆ ಇರುವ ಚಿಕ್ಕ ಪೈಪ್ ತುಂಡನ್ನು ಕಂಬದ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಹಾಯಿಸಿ, ಎರಡೂ ಕಡೆ ವೆಲ್ಡ್ ಮಾಡಿ, ಗ್ರೈಂಡರ್‌ನಿಂದ ಸಪಾಟು ಮಾಡಿ. ಆಮೇಲೆ ಎಷ್ಟು ಬೇಕಾದರೂ ಬಿಗಿಯಿರಿ, ಒತ್ತಡ ಬುಶ್ ಮೇಲೆ ಬೀಳುತ್ತದೆ. ಬುಶ್ ಹಾಕುವ ಸಮಯ ದಾಟಿದ್ದರೆ ಒಂದೇ ಗೋಡೆಗೆ ರಿವೆಟ್ ನಟ್ ಕೂರಿಸಬಹುದು. ಅದು ಹಗುರ ಕೆಲಸಕ್ಕೆ ಮಾತ್ರ, ತೊಲೆಗೆ ಅಲ್ಲ.

ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಅರ್ಧಕ್ಕೇ ಕಟ್ ಆಗ್ತಾವ್ರಿ, ಯಾಕ?

ಸ್ಕ್ರೂ ತುದಿಯ ಡ್ರಿಲ್ ಭಾಗವನ್ನು ಒಮ್ಮೆ ಹತ್ತಿರದಿಂದ ನೋಡಿ. ಆ ಭಾಗ ಕಬ್ಬಿಣವನ್ನು ಪೂರ್ತಿ ಕೊರೆದು ಆಚೆ ಹೋದ ಮೇಲೆಯೇ ಮರೆ, ಅಂದ್ರೆ ಸ್ಕ್ರೂ ಮೈಯ ಸುತ್ತುಗೆರೆ, ಕಬ್ಬಿಣಕ್ಕೆ ತಾಗಬೇಕು. ಕಟ್ಟಿಗೆಯಲ್ಲಿ ಹಾಗಾಗುವುದಿಲ್ಲ. ತುದಿ ಇನ್ನೂ ಕಬ್ಬಿಣ ಕೊರೆಯುತ್ತಿರುವಾಗಲೇ ಹಿಂದಿನ ಮರೆ ಕಟ್ಟಿಗೆಯನ್ನು ಹಿಡಿದು ಮುಂದಕ್ಕೆ ಎಳೆಯುತ್ತದೆ. ತುದಿ ಮುಂದೆ ಹೋಗಲು ಒಪ್ಪುವುದಿಲ್ಲ. ಕಟ್ಟಿಗೆ ಕಂಬದಿಂದ ಮೇಲೆದ್ದು ಬರುತ್ತದೆ, ಇಲ್ಲವೇ ಸ್ಕ್ರೂ ಕುತ್ತಿಗೆ ಮುರಿಯುತ್ತದೆ.

ಇದಕ್ಕೇ ಅಂತ ರೆಕ್ಕೆ ಇರುವ ಸ್ಕ್ರೂ ಬರುತ್ತವೆ. ಡ್ರಿಲ್ ತುದಿಯ ಮೇಲೆ ಎರಡು ಚಿಕ್ಕ ರೆಕ್ಕೆಗಳು. ಅವು ಕಟ್ಟಿಗೆಯಲ್ಲಿ ಮರೆಗಿಂತ ದೊಡ್ಡ ತೂತು ಮಾಡುತ್ತ ಹೋಗಿ, ಕಬ್ಬಿಣ ತಾಗಿದ ಕೂಡಲೇ ಮುರಿದು ಬೀಳುತ್ತವೆ. ಆಮೇಲೆ ಮರೆ ಹಿಡಿಯುವುದು ಕಬ್ಬಿಣದಲ್ಲಿ ಮಾತ್ರ. ರೆಕ್ಕೆ ಸ್ಕ್ರೂ ಸಿಗದಿದ್ದರೆ ಕಟ್ಟಿಗೆಯಲ್ಲಿ ಮೊದಲೇ ಸಡಿಲ ತೂತು ಹಾಕಿಕೊಳ್ಳಿ, ಅದೇ ಫಲ.

ಎಷ್ಟು ದಪ್ಪದ ಕಬ್ಬಿಣ ಕೊರೆಯುತ್ತದೆ ಅಂತ ಪ್ಯಾಕೆಟ್ ಮೇಲೆ ಇರುತ್ತದೆ, ಓದಿ. ಪಿಒಪಿ ಬೋರ್ಡಿಗೆ ಹಾಕುವ ಕಪ್ಪು ಸ್ಕ್ರೂ ಇಲ್ಲಿ ಬೇಡವೇ ಬೇಡ. ಅದು ಗಡಸು, ಬಾಗುವುದಿಲ್ಲ, ಪಟ್ ಅಂತ ಮುರಿಯುತ್ತದೆ.

ಡ್ರಿಲ್ ಬಿಟ್ ಸುಟ್ಟು ನೀಲಿ ಆಗ್ತಾ ಇದೆ.

ವೇಗ ಕಡಿಮೆ ಮಾಡಿ. 12ರ ಬಿಟ್ಟಿಗೆ ನಿಮಿಷಕ್ಕೆ 600–650 ಸುತ್ತು ಸಾಕು. ಮೊದಲು ಪಂಚ್ ಹೊಡೆದು ಗುಳಿ ಮಾಡಿ, 4ರ ಬಿಟ್ಟಿನಿಂದ ದಾರಿ ತೆಗೆದು, ಆಮೇಲೆ ದೊಡ್ಡದು. ನಡುನಡುವೆ ಎಣ್ಣೆ ಹನಿಸಿ. ಸುರುಳಿ ಸುರುಳಿ ಚೂರು ಬರುತ್ತಿದ್ದರೆ ಬಿಟ್ ಕೆಲಸ ಮಾಡುತ್ತಿದೆ, ಪುಡಿ ಬರುತ್ತಿದ್ದರೆ ಸುಮ್ನೆ ಉಜ್ಜುತ್ತಿದೆ.

ಕಬ್ಬಿಣದ ಕಂಬದ ಪಕ್ಕಕ್ಕೇ ಬಾಗಿಲ ಚೌಕಟ್ಟು ಬರ್ತದ. ಗೋಡೆ ಇಲ್ಲ, ಹೋಲ್ಡ್‌ಫಾಸ್ಟ್ ಎಲ್ಲಿ ಹಾಕೋದು?

ಹೋಲ್ಡ್‌ಫಾಸ್ಟ್ ಅಂದ್ರೆ ಚೌಕಟ್ಟನ್ನು ಗೋಡೆಗೆ ಹಿಡಿಸುವ ಪಟ್ಟಿ. ಅದರ ಬದಲು ಕಂಬಕ್ಕೆ ಮೂರು ಪಟ್ಟಿ ವೆಲ್ಡ್ ಮಾಡಿಸಿ, ಬಾಗಿಲ ಬಿಜಾಗರಿ ಬರುವ ಎತ್ತರಕ್ಕೆ ಹತ್ತಿರ. ಬಾಗಿಲು ಎಳೆಯುವುದು ಅಲ್ಲೇ ಅಲ್ವಾ. ಪಟ್ಟಿಯ ತೂತು ಉದ್ದವಾಗಿರಲಿ, ಚೌಕಟ್ಟನ್ನು ತೂಗುಗುಂಡಿಗೆ ಸರಿಮಾಡಿ ಬಿಗಿಯಲು ಬರುತ್ತದೆ. ಕಂಬಕ್ಕೂ ಚೌಕಟ್ಟಿಗೂ ನಡುವೆ 5–6 ಮಿ.ಮೀ. ಸಂದು ಬಿಟ್ಟು, ಕೊನೆಗೆ ಸೀಲೆಂಟ್ ತುಂಬಿ. ಒತ್ತಿ ಕೂರಿಸಿದರೆ ಜುಲೈನಲ್ಲಿ ಬಾಗಿಲು ಮುಚ್ಚುವುದಿಲ್ಲ ಅಂತ ಫೋನ್ ಬರುತ್ತದೆ.

ಕಟ್ಟಿಗೆ ಏರಿಸಿದ ಮೇಲೆ ಒಂದು ಟ್ಯಾಕ್ ವೆಲ್ಡ್ ಹಾಕಿದ್ರೆ ನಡೆಯುತ್ತಾ?

ಬೇಡ. ಕಂಬದ ಆಚೆ ಬದಿ ವೆಲ್ಡ್ ಮಾಡಿದರೂ ಬಿಸಿ ಈಚೆ ಬರುತ್ತದೆ, ಕಟ್ಟಿಗೆ ಕಣ್ಣಿಗೆ ಕಾಣದ ಕಡೆ ಸುಟ್ಟು ಇದ್ದಿಲಾಗುತ್ತದೆ. ಕೂತ ಜಾಗದಲ್ಲಿ ಇದ್ದಿಲಿದ್ದರೆ ಬೋಲ್ಟ್ ಎಷ್ಟು ಬಿಗಿದರೂ ಸಡಿಲವೇ. ರಂದಾ ಹೊಟ್ಟು ಬಿದ್ದಿದ್ದರೆ ಬೆಂಕಿ ಒಳಗೊಳಗೇ ಇದ್ದು ವೆಲ್ಡರ್ ಮನೆಗೆ ಹೋದ ಮೇಲೆ ಏಳಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ಕಟ್ಟಿಗೆ ಬಿಚ್ಚಿ, ವೆಲ್ಡ್ ಮಾಡಿ, ಪೂರ್ತಿ ಆರಿದ ಮೇಲೆ ಮತ್ತೆ ಕೂರಿಸಿ. ಇನ್ನೊಂದು: ಜಿಐ ಪೈಪಿನ ಸತು ಉಜ್ಜಿ ತೆಗೆಯದೆ ವೆಲ್ಡ್ ಮಾಡಬೇಡಿ. ಆ ಬಿಳಿ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ ಬರುತ್ತದೆ.

## ಮಳೆ, ಬಿಸಿಲು, ತುಕ್ಕು

ಮಳಿಗಾಲದಾಗ ಬಿಗಿ ಇದ್ದ ಬೋಲ್ಟ್ ಬ್ಯಾಸಿಗ್ಯಾಗ ಕೈಯಾಗ ತಿರಗತಾವು. ಮೋಸದ ಮಾಲ್ ಏನ್ರಿ?

ಬೋಲ್ಟಿನ ತಪ್ಪಲ್ಲ. ಕಟ್ಟಿಗೆ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಒಣ ಗಾಳಿಗೆ ಕುಗ್ಗುತ್ತದೆ. ಉದ್ದದಲ್ಲಿ ಏನೂ ಆಗುವುದಿಲ್ಲ ಅನ್ನಬಹುದು. ಅಗಲ ಮತ್ತು ದಪ್ಪದಲ್ಲಿ ಆಗುತ್ತದೆ. ತೇಗದಂಥ ಶಾಂತ ಮರ ಕೂಡ ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ವರ್ಷ ಬಳೆಗಳ ಗುಂಟ ಸುಮಾರು 5% ಕುಗ್ಗುತ್ತದೆ, ಬಳೆಗಳಿಗೆ ಅಡ್ಡವಾಗಿ ಅದರ ಅರ್ಧ. 20% ತೇವ ಇರುವಾಗ ಕೂರಿಸಿದ 100 ಮಿ.ಮೀ. ಅಗಲದ ತುಂಡು 10%ಗೆ ಒಣಗಿದರೆ 2 ಮಿ.ಮೀ. ಹತ್ತಿರ ಸಣ್ಣದಾಗುತ್ತದೆ. ಎರಡು ಮಿ.ಮೀ. ಅಂದ್ರೆ ನಟ್ ಒಂದು ಸುತ್ತಿಗಿಂತ ಜಾಸ್ತಿ ಸಡಿಲ.

ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಒಂದೇ ತರ ಇಲ್ಲ. ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸಾವಿರ ಮಿ.ಮೀ. ದಾಟಿ ಮಳೆ, ಖಾನಾಪುರ ತಾಲ್ಲೂಕಿನ ಕಣಕುಂಬಿ ಕಡೆ ಅದರ ಎಷ್ಟೋ ಪಟ್ಟು. ವಿಜಯಪುರದಲ್ಲಿ ಬೆಳಗಾವಿಯ ಅರ್ಧ, ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಒಣ ಬಿಸಿಲು. ಹಾಗಾಗಿ ಖಾನಾಪುರದಲ್ಲಿ ಮಳೆಗಾಲದಲ್ಲಿ ಕೊಯ್ದ ಕಟ್ಟಿಗೆಯನ್ನು ವಿಜಯಪುರ ಜಿಲ್ಲೆಯ ಇಂಡಿಗೋ ಸಿಂದಗಿಗೋ ಒಯ್ದು ಮರುದಿನವೇ ಏರಿಸಿದರೆ ಏಪ್ರಿಲ್‌ನಲ್ಲಿ ಜೋಡಣೆಗಳೆಲ್ಲ ಮಾತಾಡುತ್ತವೆ. ಕೆಲಸ ನಡೆಯುವ ಊರಿನಲ್ಲೇ, ನೆರಳಲ್ಲಿ, ಅಡ್ಡ ಪಟ್ಟಿ ಇಟ್ಟು ಗಾಳಿಯಾಡುವಂತೆ ಜೋಡಿಸಿ ಕೆಲವು ವಾರ ಬಿಡಿ. ಐಎಸ್ 287 ದೇಶವನ್ನು ಹವೆಗೆ ತಕ್ಕಂತೆ ನಾಲ್ಕು ವಲಯ ಮಾಡಿ, ಯಾವ ಕೆಲಸಕ್ಕೆ ಎಷ್ಟು ತೇವ ನಡೆಯುತ್ತದೆ ಅಂತ ಹೇಳುತ್ತದೆ. ತೇವದ ಮೀಟರ್ ಇಟ್ಟುಕೊಂಡಿರುವ ಕಟ್ಟಿಗೆ ಅಡ್ಡೆಯವರನ್ನು ಕೇಳಿದರೆ ಅಳೆದು ತೋರಿಸುತ್ತಾರೆ.

ಮೊದಲ ಬೇಸಿಗೆ ಮುಗಿಯುವ ಮುಂಚೆ ಎಲ್ಲ ಬೋಲ್ಟ್ ಒಂದು ಸಲ ಬಿಗಿಯಿರಿ. ನಟ್ ಕೈಗೆ ಸಿಗುವ ಕಡೆಗೇ ಇರಲಿ, ಫಾಲ್ಸ್ ಸೀಲಿಂಗ್ ಹಿಂದೆ ಮುಚ್ಚಿ ಹಾಕಬೇಡಿ.

ಕಬ್ಬಿಣನೂ ಬಿಸಿಲಿಗೆ ಹಿಗ್ಗುತ್ತಲ್ಲ, ಅದರಿಂದ ತೊಂದರೆ ಇಲ್ವಾ?

ಚಿಕ್ಕ ಪಡಸಾಲೆಗೆ ಇಲ್ಲ. ನಾಲ್ಕು ಮೀಟರ್ ಉದ್ದದ ಕಬ್ಬಿಣ 50 ಡಿಗ್ರಿ ಏರಿಳಿತಕ್ಕೆ ಸುಮಾರು 2.4 ಮಿ.ಮೀ. ಹಿಗ್ಗುತ್ತದೆ. ತೂತಿನ ಸಡಿಲವೇ ಅದನ್ನು ನುಂಗುತ್ತದೆ. ಹತ್ತಾರು ಮೀಟರ್ ಉದ್ದದ ಶೆಡ್ಡಿನಲ್ಲಿ ಕಬ್ಬಿಣದ ತೊಲೆಗೆ ಉದ್ದಕ್ಕೂ ಕಟ್ಟಿಗೆ ಹಲಗೆ ಬಿಗಿಯುವಾಗ ಮಾತ್ರ ಉದ್ದ ತೂತು ಬೇಕು.

ಬೋಲ್ಟ್ ಸುತ್ತ ಕಟ್ಟಿಗೆ ಮಸಿ ಹಚ್ಚಿದಂಗೆ ಕಪ್ಪಾಗಿದೆ. ಕೊಳೆತಿದೆಯಾ?

ಮೊದಲಿಗೆ ಕೊಳೆತದ್ದಲ್ಲ. ಹೊನ್ನೆ, ಮತ್ತಿ, ಜಾಲಿ, ಸ್ವಲ್ಪ ಮಟ್ಟಿಗೆ ತೇಗದಲ್ಲೂ ಟ್ಯಾನಿನ್ ಇರುತ್ತದೆ. ನೀರು ಮತ್ತು ಕಬ್ಬಿಣ ಸೇರಿದರೆ ಅದು ನೀಲಿಗಪ್ಪು ಬಣ್ಣ ಆಗುತ್ತದೆ. ಹಳೇ ಕಾಲದಲ್ಲಿ ಶಾಯಿ ಮಾಡುತ್ತಿದ್ದದ್ದೂ ಹೀಗೇ. ಆದರೆ ಕಲೆ ಒಂದು ಸುದ್ದಿ ಹೇಳುತ್ತಿದೆ: ಅಲ್ಲಿ ನೀರು ನಿಲ್ಲುತ್ತಿದೆ. ಹಾಗೇ ಬಿಟ್ಟರೆ ಬೋಲ್ಟ್ ಕಟ್ಟಿಗೆಯ ಒಳಗೆ, ಕಣ್ಣಿಗೆ ಕಾಣದ ಕಡೆ ಸವೆಯುತ್ತದೆ. ಇಂಥದ್ದನ್ನು ಬಿಚ್ಚಿದಾಗ ಬೋಲ್ಟಿನ ಎರಡು ತುದಿ ಹೊಸದರಂತೆ ಹೊಳೆಯುತ್ತಿದ್ದು, ನಡುವೆ ಮಾತ್ರ ಪೆನ್ಸಿಲ್ಲಿನಂತೆ ಸಣ್ಣಗಾಗಿರುತ್ತದೆ. ಹೊರಗಿನಿಂದ ನೋಡಿ ಏನೂ ಗೊತ್ತಾಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ಹಳದಿ ಅಥವಾ ಬೆಳ್ಳಿ ಬಣ್ಣದ ಪ್ಲೇಟಿಂಗ್ ಐದರಿಂದ ಎಂಟು ಮೈಕ್ರಾನ್ ಅಷ್ಟೇ. ಹೊರಗಿನ ಕೆಲಸಕ್ಕೆ ಹಾಟ್ ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಕೇಳಿ, ಅದು ಇದರ ಎಷ್ಟೋ ಪಟ್ಟು ದಪ್ಪ. ತಾಮ್ರದ ಔಷಧಿ ಕುಡಿಸಿದ ಹಸಿರು ಬಣ್ಣದ ಪೈನ್ ಆದರೆ ಸಾದಾ ಪ್ಲೇಟಿಂಗ್ ಬೇಗ ಹೋಗುತ್ತದೆ. ಅಲ್ಲಿ ಹಾಟ್ ಡಿಪ್ ಅಥವಾ 304 ಸ್ಟೇನ್‌ಲೆಸ್ ಬಿಟ್ಟು ಬೇರೆ ಬೇಡ.

ಕಟ್ಟಿಗೆ ಮತ್ತು ಕಂಬದ ನಡುವೆ ಏನಾದ್ರೂ ಹಾಕಬೇಕಾ?

ಹಾಕಿದರೆ ಒಳ್ಳೆಯದು. 2–3 ಮಿ.ಮೀ. ರಬ್ಬರ್ ಹಾಳೆ ಅಥವಾ ಬಿಟುಮೆನ್ ಪಟ್ಟಿ. ಮಳೆಗಾಲದ ಬೆಳಗ್ಗೆ ಕಬ್ಬಿಣದ ಕಂಬ ಬೆವರುತ್ತದೆ, ಆ ಹನಿ ಕಟ್ಟಿಗೆಗೆ ಹತ್ತುವುದು ತಪ್ಪುತ್ತದೆ. ಕಟ್ಟಿಗೆಯ ಕತ್ತರಿಸಿದ ತುದಿಗೆ ಎರಡು ಕೋಟ್ ಪೇಂಟ್ ಅಥವಾ ಮೇಣ ಬಳಿಯಿರಿ. ಕಟ್ಟಿಗೆ ನೀರು ಕುಡಿಯುವುದು ಹೆಚ್ಚಾಗಿ ತುದಿಯಿಂದಲೇ.

ಎಲ್ಲಕ್ಕಿಂತ ಮೇಲು ಅಂದ್ರೆ ಜೋಡಣೆಯ ಮೇಲೆ ನೀರೇ ಬೀಳದಂತೆ ಮುಚ್ಚುವುದು. ಐಹೊಳೆಯ ಲಾಡಖಾನ ಗುಡಿಯ ಚಾವಣಿ ನೋಡಿದ್ದೀರಾ? ಇಳಿಜಾರಿನ ಕಲ್ಲುಚಪ್ಪಡಿಗಳ ಸಂದಿನ ಮೇಲೆಲ್ಲ ಮರದ ದಿಮ್ಮಿಯ ಆಕಾರದ ಉದ್ದ ಕಲ್ಲುಪಟ್ಟಿ ಮಲಗಿಸಿದ್ದಾರೆ. ಮರದ ಚಾವಣಿ ಕಟ್ಟಿ ರೂಢಿಯಾದ ಕೈಗಳು ಕಲ್ಲಿನಲ್ಲೂ ಅದನ್ನೇ ಮಾಡಿವೆ. ನಮಗೆ ತೊಲೆಯ ನೆತ್ತಿ ಮೇಲೆ ಎರಡೂ ಕಡೆ ಸ್ವಲ್ಪ ಹೊರಚಾಚಿದ ಒಂದು ತಗಡಿನ ಟೊಪ್ಪಿಗೆ ಸಾಕು.

ಕಂಬ ಟಕ್ ಟಕ್ ಅಂತ ಬಡಿದ್ರೆ ಒಳಗೆ ನೀರಿನ ಸದ್ದು ಬರ್ತದ.

ಬೋಲ್ಟ್ ತೂತುಗಳಿಂದ ಇಳಿದ ನೀರು. ಕಂಬದ ಬುಡದಲ್ಲಿ, ನೆಲದಿಂದ ಎರಡು ಇಂಚು ಮೇಲೆ 8 ಮಿ.ಮೀ. ತೂತು ಹಾಕಿ. ಕಂದು ಬಣ್ಣದ ನೀರು ಬಂದರೆ ಗಾಬರಿ ಬೇಡ, ಆದರೆ ಬುಡವನ್ನು ಸುತ್ತಿಗೆಯಿಂದ ಬಡಿದು ಗೋಡೆ ಎಷ್ಟು ಉಳಿದಿದೆ ನೋಡಿ.

ಕಂಬ ಕಬ್ಬಿಣದ್ದು ಅಂದ ಮೇಲೆ ಗೆದ್ದಲು ಬರಲ್ಲ ಅಲ್ವಾ?

ಗೆದ್ದಲು ಕಬ್ಬಿಣ ತಿನ್ನುವುದಿಲ್ಲ, ಆದರೆ ಅದರ ಮೇಲೆ ಮಣ್ಣಿನ ದಾರಿ ಕಟ್ಟಿಕೊಂಡು ಹತ್ತುತ್ತದೆ. ಕಂಬ ಬರಿಮೈ ಇದ್ದರೆ ದಾರಿ ಕಾಣುತ್ತದೆ, ಒರೆಸಿ ಹಾಕಬಹುದು. ಕಂಬಕ್ಕೆ ಚಂದಕ್ಕೆ ಅಂತ ನೆಲದಿಂದಲೇ ಹಲಗೆ ಹೊದಿಸಿದರೆ ಅದರ ಹಿಂದೆ ಆರಾಮಾಗಿ ಹೋಗುತ್ತದೆ. ಹಲಗೆಯನ್ನು ಫರಸಿಯಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸಿ.

## ಲೆಕ್ಕ ಬೇಕಾಗುವ ಕಡೆ

ಮೇ ತಿಂಗಳ ಗಾಳಿಗೆ ಪತ್ರಾಸ್ ಹಾರಿ ಹೋಗ್ತಾವ. ಇಷ್ಟು ಭಾರದ ತೊಲೆನೂ ಏಳುತ್ತಾ?

ಏಳುತ್ತದೆ. ಗಾಳಿಯ ಒತ್ತಡಕ್ಕೆ ಐಎಸ್ 875ರ ಮೂರನೇ ಭಾಗದಲ್ಲಿ ಸರಳ ಸೂತ್ರ ಇದೆ: ಸೆಕೆಂಡಿಗೆ ಎಷ್ಟು ಮೀಟರ್ ವೇಗವೋ ಅದರ ವರ್ಗಕ್ಕೆ 0.6ರಿಂದ ಗುಣಿಸಿ. 33 ಮೀಟರ್ ವೇಗದ ಗಾಳಿ, ಅಂದ್ರೆ ತಾಸಿಗೆ ಸುಮಾರು 119 ಕಿ.ಮೀ., ಚದರ ಮೀಟರಿಗೆ 650 ನ್ಯೂಟನ್, ಹತ್ತಿರ ಹತ್ತಿರ 66 ಕೆ.ಜಿ. ಮೂರು ಬೈ ನಾಲ್ಕು ಮೀಟರಿನ ಪಡಸಾಲೆ ಹನ್ನೆರಡು ಚದರ ಮೀಟರ್. ಚಾವಣಿಯ ಆಕಾರಕ್ಕೆ ತಕ್ಕಂತೆ ಅಂಕಿ ಹೆಚ್ಚು ಕಡಿಮೆ ಆಗುತ್ತದೆ, ಆದರೂ ಸುಮಾರು 800 ಕೆ.ಜಿ. ಮೇಲಕ್ಕೆ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಪತ್ರಾಸ್, ಜಂತಿ, ತೊಲೆ ಎಲ್ಲ ಸೇರಿ ತೂಕ 150–160 ಕೆ.ಜಿ. ಉಳಿದದ್ದನ್ನು ನಾಲ್ಕು ಕಂಬ ಹಂಚಿಕೊಂಡರೆ ಒಂದೊಂದಕ್ಕೆ 160 ಕೆ.ಜಿ. ಎಳೆತ.

ಕೂತ ಭಾರಕ್ಕೆ ಬೋಲ್ಟ್ ಬೇಡ, ಏಳುವ ಭಾರಕ್ಕೆ ಬೇಕು. 12ರ ಒಂದು ಬೋಲ್ಟ್ ಕಂಬಕ್ಕೆ ಸಾಕಾಗುತ್ತದೆ, ತುದಿ ಮತ್ತು ಅಂಚಿನ ದೂರ ಸರಿ ಇದ್ದರೆ. ಆದರೆ ಎಳೆತ ಅಲ್ಲಿಗೇ ನಿಲ್ಲುವುದಿಲ್ಲ. ಪತ್ರಾಸಿನಿಂದ ಜಂತಿಗೆ, ಜಂತಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಪಾಯಕ್ಕೆ ಹೋಗುತ್ತದೆ. ಜಂತಿಯನ್ನು ತೊಲೆಗೆ ಬರೀ ಮೊಳೆಯಲ್ಲಿ ಹೊಡೆದಿದ್ದರೆ ಕಂಬದ ಬೋಲ್ಟ್ ಗಟ್ಟಿ ಇದ್ದು ಪ್ರಯೋಜನ ಏನು? ಅಲ್ಲೂ ಪಟ್ಟಿ ಬಗ್ಗಿಸಿ ಸ್ಕ್ರೂ ಹಾಕಿ. ಕಂಬದ ಬೇಸ್ ಪ್ಲೇಟಿಗೆ ನಾಲ್ಕು ಆಂಕರ್ ಬೋಲ್ಟ್ ಇದೆಯಾ, ಪಾಯದ ಕಾಂಕ್ರೀಟ್ ತೂಕವೇ 160 ಕೆ.ಜಿ. ಮೀರುತ್ತದೆಯಾ ನೋಡಿಕೊಳ್ಳಿ.

ನಮ್ದು ಎರಿ ಭೂಮಿ. ಕಂಬ ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ ಆಗ್ತದ. ಮೇಲಿನ ಜೋಡಣೆಗೆ ಏನ್ ಮಾಡ್ಬೇಕು?

ಮೇಲೆ ಎಷ್ಟು ಜಾಣತನ ಮಾಡಿದರೂ ಕೆಳಗಿನ ತಪ್ಪು ಮುಚ್ಚುವುದಿಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಪಾಯವನ್ನು ಎರೆ ದಾಟಿಸಿ ಕೆಳಗಿನ ಗಟ್ಟಿ ಗರಸಿಗೆ ಮುಟ್ಟಿಸಿ. ಎರೆ ಬಹಳ ಆಳ ಇದ್ದರೆ ತಳದಲ್ಲಿ ಗುಂಡಗೆ ಅಗಲ ಮಾಡಿದ ಅಂಡರ್ ರೀಮ್ಡ್ ಪೈಲ್ ಹಾಕುತ್ತಾರೆ, ಅದಕ್ಕೆ ಎಂಜಿನಿಯರ್ ಬೇಕು. ಈಗಾಗಲೇ ನಿಂತ ಕಂಬಗಳಾದರೆ ಒಂದೇ ಉದ್ದ ತೊಲೆಯನ್ನು ಮೂರು ಕಂಬಗಳ ಮೇಲೆ ಬಿಗಿಯುವ ಬದಲು ಕಂಬದಿಂದ ಕಂಬಕ್ಕೆ ಬೇರೆ ಬೇರೆ ತೊಲೆ ಇಡಿ. ಒಂದು ಕಂಬ ಅರ್ಧ ಇಂಚು ಎದ್ದರೂ ಶೂನಲ್ಲಿ ತೊಲೆ ಸ್ವಲ್ಪ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ.

ಬೋಲ್ಟ್, ಪ್ಲೇಟ್ ಯಾವುದೂ ಕಾಣಬಾರದು ಅಂತಾರೆ ನಮ್ಮ ಮನೆಯವರು.

ಆಗುತ್ತದೆ, ಆದರೆ ಕೈ ಪಳಗಿದ ಬಡಿಗರು ಬೇಕು. ಕಂಬಕ್ಕೆ 6 ಮಿ.ಮೀ. ಪ್ಲೇಟನ್ನು ನಿಂತ ಚಾಕುವಿನಂತೆ ವೆಲ್ಡ್ ಮಾಡಿ, ತೊಲೆಯ ತುದಿಯಲ್ಲಿ 8 ಮಿ.ಮೀ. ಸೀಳು ತೆಗೆದು ಅದರ ಮೇಲೆ ಜಾರಿಸುತ್ತಾರೆ. ಪಕ್ಕದಿಂದ ನಯವಾದ ಸ್ಟೀಲ್ ಪಿನ್ ಹೊಡೆದು, ತಲೆಗೆ ಅದೇ ಕಟ್ಟಿಗೆಯ ಬಿರಡೆ. ಸೀಳನ್ನು ತೊಲೆಯ ತಳದವರೆಗೆ ತೆಗೆಯದೆ, ಪ್ಲೇಟಿನ ಕೆಳಗೆ ಚಿಕ್ಕ ಆಸರೆ ಪಟ್ಟಿ ಕೊಟ್ಟು ಅದನ್ನು ತೊಲೆಯ ಒಳಗೇ ಅಡಗಿಸಬಹುದು. ಆಗ ಭಾರ ಕೂರುತ್ತದೆ, ಪಿನ್ ಮೇಲೆ ಬೀಳುವುದಿಲ್ಲ. ಕಟ್ಟಿಗೆ ಚೆನ್ನಾಗಿ ಒಣಗಿರದಿದ್ದರೆ ಈ ಆಸೆ ಬಿಡಿ.

ಹಳೇ ಜಿನ್ನಿಂಗ್ ಫ್ಯಾಕ್ಟರಿ ಶೆಡ್ಡಿನಲ್ಲಿ ದಪ್ಪ ಕಬ್ಬಿಣದ ಕಂಬ ಇವೆ. ಅವಕ್ಕೆ ಆಂಗಲ್ ವೆಲ್ಡ್ ಮಾಡಬಹುದಾ?

ಮೊದಲು ಅದು ಉಕ್ಕೋ ಬೀಡೋ (ಅಚ್ಚಿಗೆ ಎರಕ ಹೊಯ್ದ ಕಬ್ಬಿಣ) ನೋಡಿ. ಬೀಡಿನ ಕಂಬದ ಮೈ ಒರಟು, ಉದ್ದಕ್ಕೂ ಅಚ್ಚು ಕೂಡಿದ ಗೆರೆ ಕಾಣುತ್ತದೆ. ಮೂಲೆಯಲ್ಲಿ ಚಿಕ್ಕದಾಗಿ ಡ್ರಿಲ್ ಮಾಡಿದರೆ ಉಕ್ಕಿನಿಂದ ಸುರುಳಿ ಬರುತ್ತದೆ, ಬೀಡಿನಿಂದ ಕರಿ ಪುಡಿ. ಬೆಳಗಾವಿ ಫೌಂಡ್ರಿಗಳ ಊರು, ಅಲ್ಲಿ ಕೆಲಸ ಮಾಡಿದವರು ಒಂದು ನೋಟದಲ್ಲೇ ಹೇಳುತ್ತಾರೆ. ಬೀಡಿಗೆ ಸಾದಾ ವೆಲ್ಡಿಂಗ್ ಮಾಡಿದರೆ ಆರುವಾಗ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಮೇಲೆ ಭಾರ ಹೊತ್ತ ಕಂಬ ಬಿರುಕು ಬಿಡುವುದು ಆಟವಲ್ಲ. ಎರಡು ಅರ್ಧಚಂದ್ರದ ಉಕ್ಕಿನ ಪಟ್ಟಿ ಮಾಡಿ, ಒಳಗೆ ರಬ್ಬರ್ ಇಟ್ಟು, ಕಂಬವನ್ನು ಅಪ್ಪಿ ಹಿಡಿಯುವಂತೆ ಬೋಲ್ಟ್ ಬಿಗಿಯಿರಿ. ಆಸರೆ ಆಂಗಲ್ ಆ ಪಟ್ಟಿಗೆ ಹಚ್ಚಿ. ಪಟ್ಟಿ ಕೆಳಗೆ ಜಾರದಂತೆ ಕಂಬದ ಉಬ್ಬಿನ ಮೇಲೆ ಕೂರುವ ಜಾಗ ಆರಿಸಿದರೆ ಇನ್ನೂ ಚೊಲೋ.

ಬೆಂಕಿ ಬಿದ್ದರೆ ಮೊದಲು ಹೋಗೋದು ಕಟ್ಟಿಗೆ ತಾನೆ?

ಹಾಗೇನಿಲ್ಲ. ದಪ್ಪ ತೊಲೆ ಹೊರಗಿನಿಂದ ನಿಮಿಷಕ್ಕೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಇದ್ದಿಲಾಗುತ್ತ ಹೋಗುತ್ತದೆ, ಒಳಗಿನ ತಿರುಳು ಭಾರ ಹೊರುತ್ತಲೇ ಇರುತ್ತದೆ. ಮುಚ್ಚಿಗೆ ಇಲ್ಲದ ಉಕ್ಕು ಬೇಗ ಕಾಯುತ್ತದೆ, 550 ಡಿಗ್ರಿ ಆಸುಪಾಸಿನಲ್ಲಿ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಅಡುಗೆ ಒಲೆ ಪಕ್ಕದ ಕಂಬಕ್ಕೆ ಇಟ್ಟಿಗೆ ಸುತ್ತು ಕಟ್ಟಿಸುವುದು ಒಳ್ಳೆಯದು.

ಇಷ್ಟಕ್ಕೆಲ್ಲ ಎಂಜಿನಿಯರ್ ಬೇಕಾ?

ಒಂದು ಅಂತಸ್ತಿನ, ಮೂರು ನಾಲ್ಕು ಮೀಟರ್ ಅಂತರದ ಪತ್ರಾಸ್ ಪಡಸಾಲೆಗೆ ಒಳ್ಳೆಯ ವೆಲ್ಡರ್, ಒಳ್ಳೆಯ ಬಡಿಗರು ಸಾಕು. ತೊಲೆ ಮೇಲೆ ಜನ ಓಡಾಡುವ ಅಟ್ಟ, ನೀರಿನ ಟ್ಯಾಂಕ್, ಹೆಂಚಿನ ಭಾರದ ಚಾವಣಿ, ಅಥವಾ ಐದು ಮೀಟರ್ ದಾಟಿದ ಅಂತರ ಇದ್ದರೆ ತೋರಿಸಿಯೇ ಮುಂದೆ ಹೋಗಿ. ಕಟ್ಟಿಗೆ ಲೆಕ್ಕಕ್ಕೆ ಐಎಸ್ 883, ಉಕ್ಕಿಗೆ ಐಎಸ್ 800 ನೋಡುತ್ತಾರೆ. ನಕ್ಷೆ ತಗೊಳ್ಳುವಾಗ ತೊಲೆಯ ಅಳತೆ, ಕಂಬದ ಅಳತೆ ಅಷ್ಟೇ ಬರೆಸಿಕೊಂಡು ಬರಬೇಡಿ. ಎರಡೂ ಕೂಡುವ ಜಾಗದ್ದು ಒಂದು ಬೇರೆ ಚಿತ್ರ ಕೇಳಿ: ಪ್ಲೇಟಿನ ದಪ್ಪ, ವೆಲ್ಡಿನ ಉದ್ದ, ತೂತಿನ ಜಾಗ ಎಲ್ಲ ಅದರಲ್ಲಿರಲಿ. ಅದರ ಒಂದು ಪ್ರತಿ ವೆಲ್ಡರ್ ಕೈಗೆ, ಇನ್ನೊಂದು ಬಡಿಗರ ಕೈಗೆ.